ಶನಿವಾರ ಮಧ್ಯಾಹ್ನದ ಎರಡು ಗಂಟೆ ಹದಿಹರೆಯದ ಮಕ್ಕಳಿಗೆ ಮೀಸಲಿಡಿ

ರಾಮನಗರ, ಚನ್ನಪಟ್ಟಣ, ಕನಕಪುರ ಮತ್ತು ಮಾಗಡಿ ಸೀಮೆಯ ಸಾರ್ವಜನಿಕ ಗ್ರಂಥಾಲಯಗಳ ಹಾಗೂ ಅರಿವು ಕೇಂದ್ರಗಳ ಮೇಲ್ವಿಚಾರಕರಿಗೆ,



ನಿಮ್ಮಲ್ಲಿ ಕೆಲವರನ್ನು ನಾನು ಹತ್ತಿರದಿಂದ ಬಲ್ಲೆ. ಬೀಗ ತೆಗೆಯುವುದು, ಕಸ ಗುಡಿಸುವುದು, ದಿನಪತ್ರಿಕೆ ಜೋಡಿಸುವುದು, ಬಂದವರ ಸಹಿ ಹಾಕಿಸುವುದು, ಪಂಚಾಯಿತಿ ಕೇಳಿದ ಮಾಹಿತಿ ಕಳಿಸುವುದು, ಸಂಜೆ ಮತ್ತೆ ಬೀಗ ಹಾಕುವುದು, ಎಲ್ಲಕ್ಕೂ ನೀವೊಬ್ಬರೇ. ಸಂಬಳ ಕಡಿಮೆ, ಕೇಳುವವರು ಜಾಸ್ತಿ. ಅದನ್ನು ತಿಳಿದೇ ಈ ಪತ್ರ ಬರೆಯುತ್ತಿದ್ದೇನೆ. ನನ್ನ ಬೇಡಿಕೆ ಒಂದೇ. ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ, ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ನಿಮ್ಮ ಗ್ರಂಥಾಲಯವನ್ನು ಹದಿಮೂರರಿಂದ ಹದಿನೆಂಟು ವರ್ಷದ ಮಕ್ಕಳಿಗೆ ಮೀಸಲಿಡಿ. ಮೊದಲ ಗಂಟೆ ಎಲ್ಲರೂ ಕೂತು ಒಂದೇ ಪುಸ್ತಕವನ್ನು ಗಟ್ಟಿಯಾಗಿ ಓದಲಿ. ಎರಡನೆಯ ಗಂಟೆ ತಮ್ಮೂರಿಗೆ ಸಂಬಂಧಿಸಿದ ಏನನ್ನಾದರೂ ತಾವೇ ಬರೆದು, ಬರೆದದ್ದನ್ನು ಜೋಡಿಸಿ ಪುಸ್ತಕ ಮಾಡಲಿ. ಯಾಕೆ, ಹೇಗೆ ಎಂಬುದನ್ನು ಮುಂದೆ ಬಿಡಿಸಿ ಹೇಳುತ್ತೇನೆ.

ನಿಮ್ಮ ಹಾಜರಿ ಪುಸ್ತಕವನ್ನೇ ಒಮ್ಮೆ ತಿರುವಿ ನೋಡಿ. ಬೆಳಿಗ್ಗೆ ಪೇಪರ್ ಓದಲು ಹಿರಿಯರು ಬರುತ್ತಾರೆ. ಇಡೀ ದಿನ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ತರುಣ ತರುಣಿಯರು ಕೂರುತ್ತಾರೆ. ಶಾಲೆ ಬಿಟ್ಟ ಮೇಲೆ ಚಿಕ್ಕ ಮಕ್ಕಳು ಚಿತ್ರದ ಪುಸ್ತಕಕ್ಕೋ ಕೇರಂ ಬೋರ್ಡಿಗೋ ಓಡಿ ಬರುತ್ತಾರೆ. ಎಂಟನೇ ತರಗತಿಯಿಂದ ಎರಡನೇ ಪಿಯುಸಿವರೆಗಿನವರ ಸಹಿ ಎಷ್ಟಿದೆ? ಐದನೇ ತರಗತಿಯಲ್ಲಿ ನಿಮ್ಮ ಮೇಜಿನ ಸುತ್ತ ಸುಳಿದಾಡುತ್ತಿದ್ದ ಹುಡುಗಿ ಒಂಬತ್ತನೇ ತರಗತಿಗೆ ಬಂದಾಗ ಎಲ್ಲಿ ಹೋದಳು? ಟ್ಯೂಷನ್ನು, ಮನೆಗೆಲಸ, ರೇಷ್ಮೆ ಹುಳುವಿಗೆ ಸೊಪ್ಪು ಹಾಕುವ ಹೊತ್ತು, ತಮ್ಮ ತಂಗಿಯರನ್ನು ನೋಡಿಕೊಳ್ಳುವ ಜವಾಬ್ದಾರಿ ಅವಳನ್ನು ಹಿಡಿದುಕೊಂಡವು. ಹುಡುಗ ಮೈದಾನಕ್ಕೆ ಹೋದ, ಇಲ್ಲವೆ ಮೊಬೈಲಿನೊಳಗೆ ಹೋದ. ಇಬ್ಬರಿಗೂ ಗ್ರಂಥಾಲಯದಲ್ಲಿ ಕೂರಲು ಕಾರಣವೇ ಉಳಿಯಲಿಲ್ಲ. ಒಂದು ಕಡೆ ಪುಟ್ಟ ಮಕ್ಕಳ ಕಪಾಟು, ಇನ್ನೊಂದು ಕಡೆ ಎಫ್‌ಡಿಎ, ಪಿಎಸ್‌ಐ ಪರೀಕ್ಷೆಯ ಗೈಡುಗಳು. ನಡುವಿನ ವಯಸ್ಸಿಗೆ ನಾವು ಜಾಗ ಇಟ್ಟಿಲ್ಲ.

ಗ್ರಂಥಾಲಯಕ್ಕೆ ಬರುವ ಹಕ್ಕೇನೋ ಅವರಿಗಿದೆ. 2019ರಲ್ಲಿ ರಾಜ್ಯದ ಐದು ಸಾವಿರಕ್ಕೂ ಹೆಚ್ಚು ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಸಾರ್ವಜನಿಕ ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ಕೈಗೆ ಬಂದವು. ಮರುವರ್ಷ ಕೊರೊನಾದಿಂದ ಶಾಲೆಗಳು ಮುಚ್ಚಿದ್ದ ಕಾಲದಲ್ಲಿ, 2020ರ ನವೆಂಬರ್ 14ರ ಮಕ್ಕಳ ದಿನಾಚರಣೆಯಂದು ‘ಓದುವ ಬೆಳಕು’ ಶುರುವಾಯಿತು. ಆರರಿಂದ ಹದಿನೆಂಟು ವರ್ಷದ ಮಕ್ಕಳಿಗೆಲ್ಲ ಉಚಿತ ಸದಸ್ಯತ್ವ. ‘ಪುಸ್ತಕ ಜೋಳಿಗೆ’ ಹಿಡಿದು ಊರವರಿಂದ ಪುಸ್ತಕ ಕೇಳಿ ತಂದವರು ನೀವೇ. ಮುಂದೆ ಇದೇ ಗ್ರಂಥಾಲಯಗಳಿಗೆ ‘ಅರಿವು ಕೇಂದ್ರ’ ಎಂಬ ಹೆಸರು ಬಂತು. ಈ ಕೆಲಸ ಚಿಕ್ಕದಲ್ಲ. ಪಾಠದ ಪುಸ್ತಕ ಬಿಟ್ಟರೆ ಬೇರೆ ಪುಸ್ತಕ ಕಾಣದ ಮನೆಗಳ ಮಕ್ಕಳ ಕೈಗೆ ಕತೆ ಸಿಕ್ಕಿದ್ದು ಇದರಿಂದ. ಈಗ ಆ ಮಕ್ಕಳೇ ಬೆಳೆದಿದ್ದಾರೆ. 2020ರಲ್ಲಿ ಎಂಟು ವರ್ಷವಿದ್ದ ಮಗುವಿಗೆ ಈಗ ಮೀಸೆ ಚಿಗುರುವ ಕಾಲ. ಸದಸ್ಯತ್ವದ ಕಾರ್ಡು ಇನ್ನೂ ಅವನ ಹೆಸರಿನಲ್ಲೇ ಇದೆ. ಅವನು ಮಾತ್ರ ಬರುತ್ತಿಲ್ಲ.

ಒಟ್ಟಿಗೆ ಕೂತು ಓದುವುದು ನಮಗೆ ಹೊರಗಿನಿಂದ ಬಂದ ಅಭ್ಯಾಸವಲ್ಲ. ಹಳೇ ಮೈಸೂರು ಸೀಮೆಯ ಹಳ್ಳಿಗಳಲ್ಲಿ ಮಳೆ ಕೈಕೊಟ್ಟರೆ ಕುಮಾರವ್ಯಾಸ ಭಾರತದ ವಿರಾಟಪರ್ವ ಓದಿಸುತ್ತಿದ್ದರು. ಒಬ್ಬರು ರಾಗವಾಗಿ ಓದುವರು, ಇನ್ನೊಬ್ಬರು ಅರ್ಥ ಹೇಳುವರು, ಊರು ಕೂತು ಕೇಳುವುದು. ಅಕ್ಷರ ಬಾರದ ಅಜ್ಜಿಗೂ ಕೀಚಕನ ವಧೆಯ ಸಂದರ್ಭ ಗೊತ್ತಿರುತ್ತಿತ್ತು, ಯಾವ ಮಾತಿಗೆ ಯಾರು ಏನೆಂದರು ಎಂಬುದೂ ಗೊತ್ತಿರುತ್ತಿತ್ತು. ಗಮಕಿಗಳ ಓದು, ಹರಿಕಥೆ, ಜಗಲಿಯ ಮೇಲಿನ ಜೈಮಿನಿ ಭಾರತ, ಎಲ್ಲದರಲ್ಲೂ ಪುಸ್ತಕ ಒಬ್ಬರ ಕೈಯಲ್ಲಿರುತ್ತಿತ್ತು, ಕತೆ ಎಲ್ಲರದಾಗಿರುತ್ತಿತ್ತು. ಗ್ರಂಥಾಲಯ ಬಂದಾಗ ಪುಸ್ತಕ ಎಲ್ಲರ ಕೈಗೂ ಬಂತು. ಜೊತೆಗೆ ‘ನಿಶ್ಶಬ್ದವಾಗಿರಿ’ ಎಂಬ ಬೋರ್ಡೂ ಬಂತು. ವಾರದಲ್ಲಿ ಎರಡು ಗಂಟೆ ಆ ಬೋರ್ಡನ್ನು ತಿರುಗಿಸಿಡಿ. ಊರಿನ ಓದು ಊರಿಗೆ ಮರಳಲಿ.

ಮೊದಲ ಗಂಟೆ ಹೇಗಿರಬೇಕು? ಇಂಥ ಓದುಕೂಟಗಳಲ್ಲಿ ಕೂತು ಕಂಡದ್ದನ್ನು ಹೇಳುತ್ತೇನೆ. ಕುರ್ಚಿ ಬೇಡ, ಜಮಖಾನ ಹಾಸಿ. ಎಲ್ಲರೂ ಸುತ್ತ ಕೂರಲಿ, ನೀವೂ ಅವರ ಸಾಲಿನಲ್ಲೇ ಕೂರಿ. ಮೊದಲ ಪುಟವನ್ನು ನೀವು ಓದಿ, ಪುಸ್ತಕವನ್ನು ಬಲಗಡೆಯವರಿಗೆ ಕೊಡಿ. ಓದಲು ಇಷ್ಟವಿಲ್ಲದವರು ಪುಸ್ತಕವನ್ನು ಮುಂದಿನವರಿಗೆ ದಾಟಿಸಲಿ, ಯಾಕೆಂದು ಕೇಳಬೇಡಿ. ಯಾರಾದರೂ ತಪ್ಪು ಉಚ್ಚರಿಸಿದರೆ ನಡುವೆ ತಿದ್ದಬೇಡಿ. ಒತ್ತಕ್ಷರಕ್ಕೆ ತಡವರಿಸುವ ಹುಡುಗನನ್ನು ಎಲ್ಲರೆದುರು ತಿದ್ದಿದರೆ ಮುಂದಿನ ಶನಿವಾರ ಅವನು ಬರುವುದಿಲ್ಲ. ಕತೆ ಮುಗಿದೊಡನೆ ‘ಇದರ ನೀತಿಯೇನು’ ಎಂದು ಕೇಳಬೇಡಿ, ಅದನ್ನು ಶಾಲೆ ಬೇಕಾದಷ್ಟು ಕೇಳುತ್ತದೆ. ಕುತೂಹಲ ಮೂಡಿದ ಕಡೆ ಓದು ನಿಲ್ಲಿಸಿ, ಆ ಪುಸ್ತಕವನ್ನು ಒಬ್ಬರ ಹೆಸರಿಗೆ ಬರೆದು ಮನೆಗೆ ಕಳಿಸಿ. ಬಹುಮಾನ, ಸ್ಪರ್ಧೆ, ಅಂಕ ಇವುಗಳನ್ನು ಬಾಗಿಲ ಹೊರಗೇ ಬಿಡಿ. ವರದಿಗೆ ಫೋಟೊ ಬೇಕೆಂದರೆ ಎರಡು ಗಂಟೆ ಮುಗಿದ ಮೇಲೆ ತೆಗೆಯಿರಿ.

ಪುಸ್ತಕದ ಆಯ್ಕೆಯಲ್ಲಿ ಧೈರ್ಯ ಇರಲಿ. ಈ ವಯಸ್ಸಿನವರಿಗೆ ಕಾಗಕ್ಕ ಗುಬ್ಬಕ್ಕನ ಕತೆ ಕೊಟ್ಟರೆ ಎದ್ದು ಹೋಗುತ್ತಾರೆ. ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ ಕೊಡಿ. ಒಬ್ಬ ವಿಜ್ಞಾನಿ, ಹಳ್ಳಿಯ ಮಂದಣ್ಣ, ಒಂದು ನಾಯಿ, ಹಾರುವ ಓತಿ ಹುಡುಕಿ ಹೊರಟ ಗುಂಪು. ವಾರಕ್ಕೊಂದಿಷ್ಟು ಓದಿದರೆ ಮಕ್ಕಳೇ ಮುಂದಿನ ಶನಿವಾರವನ್ನು ಎದುರು ನೋಡುತ್ತಾರೆ. ದೇವನೂರ ಮಹಾದೇವರ ‘ಒಡಲಾಳ’ ಕೊಡಿ. ಒಂದು ಹಳ್ಳಿಯ ಗ್ರಂಥಾಲಯದಲ್ಲಿ ಅದನ್ನು ಓದಿಸಿದ ದಿನ ನಾನೂ ಕೂತಿದ್ದೆ. ಸಾಕವ್ವ ಕಳೆದುಹೋದ ತನ್ನ ಹುಂಜಕ್ಕಾಗಿ ಪರದಾಡುವ ಭಾಗ. ಓದುತ್ತಿದ್ದ ಒಂಬತ್ತನೇ ತರಗತಿಯ ಹುಡುಗಿ ಎರಡು ಸಾಲಿಗೆ ನಿಂತಳು, ನಕ್ಕಳು, ಮೇಲ್ವಿಚಾರಕಿಯ ಮುಖ ನೋಡಿದಳು. “ಅಕ್ಕಾ, ಇದು ನಮ್ಮಜ್ಜಿ ಮಾತಾಡ್ದಂಗೇ ಐತೆ. ಬುಕ್ಕಲ್ಲೂ ಹಿಂಗ್ ಬರೀಬೋದಾ?” ಎಂದಳು. “ಬರೀಬೋದು, ಓದು” ಎಂದರು ಅವರು. ಆಮೇಲೆ ಅವಳ ದನಿ ಬದಲಾಯಿತು. ಪಾಠ ಒಪ್ಪಿಸುವ ದನಿ ಹೋಗಿ ಮನೆಯಲ್ಲಿ ಮಾತಾಡುವ ದನಿ ಬಂತು. ಕೂತಿದ್ದವರು ಕಿವಿಗೊಟ್ಟರು. ತನ್ನ ಮನೆಯ ಮಾತು ಪುಸ್ತಕಕ್ಕೆ ಯೋಗ್ಯ ಎಂದು ಹದಿನಾಲ್ಕರ ವಯಸ್ಸಿನಲ್ಲಿ ತಿಳಿಯುವುದು ದೊಡ್ಡ ಶಿಕ್ಷಣ. ಆ ಶಿಕ್ಷಣ ಕೊಡಲು ಬಿ.ಎಡ್. ಬೇಕಾಗುವುದಿಲ್ಲ.

ನಮ್ಮದೇ ಸೀಮೆಯವರ ಪುಸ್ತಕಗಳೂ ಇವೆ. ಕವಿ ಸಿದ್ದಲಿಂಗಯ್ಯನವರು ಹುಟ್ಟಿದ್ದು ಮಾಗಡಿ ತಾಲ್ಲೂಕಿನಲ್ಲಿ, 1954ರಲ್ಲಿ. ಅವರ ಬಾಲ್ಯದ ಮಂಚನಬೆಲೆ ‘ಊರುಕೇರಿ’ ಆತ್ಮಕಥೆಯಲ್ಲಿ ಕಣ್ಣಿಗೆ ಕಟ್ಟುವಂತೆ ಬಂದಿದೆ. ಹಸಿವು, ಅವಮಾನ, ನಗೆ ಮೂರೂ ಒಂದೇ ಪುಟದಲ್ಲಿ ಸಿಗುವ ಆ ಪುಸ್ತಕವನ್ನು ಮಾಗಡಿ ಸೀಮೆಯ ಹುಡುಗ ಹುಡುಗಿಯರು ತಮ್ಮೂರಲ್ಲೇ ಕೂತು ಓದಬೇಡವೆ? ಟಾಲ್‌ಸ್ಟಾಯ್ ಅವರ ‘ಅನ್ನಾ ಕರೆನಿನಾ’ವನ್ನೂ ‘ಯುದ್ಧ ಮತ್ತು ಶಾಂತಿ’ಯನ್ನೂ ಕನ್ನಡಕ್ಕೆ ತಂದ ದೇ. ಜವರೇಗೌಡರು ಚನ್ನಪಟ್ಟಣ ತಾಲ್ಲೂಕಿನ ಚಕ್ಕೆರೆಯವರು. ಚಕ್ಕೆರೆಯಿಂದ ಹೊರಟ ಬಾಲಕ ರಷ್ಯಾದ ಕಾದಂಬರಿಯವರೆಗೆ ಹೋದ, ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿಯಾದ. ಆ ದಾರಿಯನ್ನು ಇಂದಿನ ಮಕ್ಕಳಿಗೆ ತೋರಿಸಲು ಗೋಡೆಯ ಮೇಲೊಂದು ಫೋಟೊ ಹಾಕಿದರೆ ಸಾಲದು. ಪುಸ್ತಕ ತೆರೆದು ಓದಬೇಕು.

ಇನ್ನು ಎರಡನೆಯ ಗಂಟೆ. ಇದನ್ನು ಕಮ್ಮಟವೆನ್ನಿ, ಕೆಲಸವೆನ್ನಿ, ಹೆಸರು ಏನಾದರೂ ಇರಲಿ. ಮಕ್ಕಳು ತಮ್ಮೂರಿನ ಬಗ್ಗೆ ವಿಚಾರಿಸಿ, ಬರೆದು, ಚಿತ್ರ ಬಿಡಿಸಿ, ಹೊಲಿದು ಕೈಬರಹದ ಪುಸ್ತಕ ಮಾಡಬೇಕು. ಅದು ನಿಮ್ಮ ದಾಖಲಾತಿ ವಹಿಯಲ್ಲಿ ನಂಬರು ಪಡೆದು, ಬೇರೆ ಪುಸ್ತಕಗಳ ಪಕ್ಕದಲ್ಲಿ ಕಪಾಟಿನಲ್ಲಿ ನಿಲ್ಲಬೇಕು. ತಾನು ಬರೆದ ಪುಸ್ತಕ ಗ್ರಂಥಾಲಯದಲ್ಲಿದೆ ಎಂದರೆ ಯಾವ ಮಗು ಅದನ್ನು ತನ್ನವರಿಗೆ ತೋರಿಸಲು ಕರೆತರುವುದಿಲ್ಲ? ವಿಷಯಕ್ಕೆ ಈ ನಾಲ್ಕು ಊರುಗಳಲ್ಲಿ ಬರವಿಲ್ಲ.

ಚನ್ನಪಟ್ಟಣದಲ್ಲಿ ಬೊಂಬೆ ಮಾಡುವವರ ಮನೆಗಳು ಗ್ರಂಥಾಲಯದಿಂದ ದೂರವಿಲ್ಲ. ಒಬ್ಬ ಕುಶಲಕರ್ಮಿಯನ್ನು ಕರೆದು ಮಕ್ಕಳ ನಡುವೆ ಕೂರಿಸಿ. ಹಾಲೆ ಮರವನ್ನು ಎಷ್ಟು ದಿನ ಒಣಗಿಸುತ್ತೀರಿ, ಬೊಂಬೆಗೆ ಅದೇ ಮರ ಯಾಕೆ ಎಂದು ಮಕ್ಕಳು ಕೇಳಲಿ. ತಿರುಗಣಿಯ ಮೇಲೆ ಮರ ತಿರುಗುತ್ತಿರುವಾಗ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ. ತಿಕ್ಕಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಆಮೇಲೆ ಕೇದಗೆಯ ಎಲೆಯಿಂದ ಉಜ್ಜಿದಾಗ ಮೇಲ್ಮೈ ಮಿರಮಿರ ಮಿಂಚುತ್ತದೆ. ಘರ್ಷಣೆಯಿಂದ ಶಾಖ ಹುಟ್ಟುತ್ತದೆ ಎಂದು ವಿಜ್ಞಾನದ ಪುಸ್ತಕದಲ್ಲಿ ಓದಿದ ಹುಡುಗ ಅದನ್ನು ಇಲ್ಲಿ ಕಣ್ಣಾರೆ ನೋಡುತ್ತಾನೆ, ನೋಡಿದ್ದನ್ನು ತನ್ನ ಮಾತಿನಲ್ಲಿ ಬರೆಯುತ್ತಾನೆ. ಈ ಕಸುಬಿನ ಕತೆಯಲ್ಲಿ ಬಾವಾಸ್ ಮಿಯಾನ್ ಅವರ ಹೆಸರು ಬರುತ್ತದೆ. ಅವರು ಜಪಾನಿಗೆ ಹೋಗಿ ಅರಗಿನ ಕೆಲಸದ ಹೊಸ ರೀತಿಗಳನ್ನು ಕಲಿತು ಬಂದು ಇಲ್ಲಿಯವರಿಗೆ ಕಲಿಸಿದರು. ಬೊಂಬೆಗೆ ಭೌಗೋಳಿಕ ಗುರುತು ಸಿಕ್ಕಿದೆ. ಬೊಂಬೆ ಮಾಡುವ ಮನೆಗಳಲ್ಲಿ ಬಹಳಷ್ಟು ಕಡೆ ಮನೆಮಾತು ಉರ್ದು. ಕನ್ನಡ ಮಾತಾಡುವ ಹುಡುಗಿಯೂ ಉರ್ದು ಮಾತಾಡುವ ಹುಡುಗಿಯೂ ಸೇರಿ ಎರಡೂ ಭಾಷೆಯಲ್ಲಿ ಒಂದು ಪುಸ್ತಕ ಮಾಡಿದರೆ, ಅದು ಈ ಊರಿನಲ್ಲೇ ಹುಟ್ಟಬೇಕಾದ ಪುಸ್ತಕ.

ರಾಮನಗರದ ಮಕ್ಕಳಿಗೆ ರೇಷ್ಮೆ ಗೂಡಿನ ಮಾರುಕಟ್ಟೆಯಿದೆ. ಬೆಳಿಗ್ಗೆ ಗೂಡು ತಂದ ರೈತ, ಹರಾಜಿಗೆ ನಿಂತ ರೀಲರ್, ಲಾಟಿನ ನಂಬರು, ಏರಿಳಿಯುವ ದರ, ಇವೆಲ್ಲ ಅವರ ಅಪ್ಪ ಅಮ್ಮಂದಿರ ಬದುಕು. ಚಾಕಿ ಕಟ್ಟುವುದರಿಂದ ಹಿಡಿದು ಚಂದ್ರಿಕೆಯಿಂದ ಗೂಡು ಬಿಡಿಸುವವರೆಗೆ ಮನೆಯಲ್ಲಿ ಯಾರು ಎಷ್ಟು ಹೊತ್ತು ದುಡಿಯುತ್ತಾರೆ ಎಂದು ಒಂದು ಬೆಳೆಯ ಲೆಕ್ಕವನ್ನು ಮಕ್ಕಳು ಬರೆದಿಡಲಿ. ಅಮ್ಮನ ದುಡಿಮೆ ಆಗ ಕಣ್ಣಿಗೆ ಕಾಣುತ್ತದೆ. ಊರಿಗೆ ಅಂಟಿಕೊಂಡೇ ರಾಮದೇವರ ಬೆಟ್ಟವಿದೆ. ‘ಶೋಲೆ’ ಚಿತ್ರೀಕರಣದಿಂದ ಅದು ಎಲ್ಲರಿಗೂ ಗೊತ್ತು. 2012ರಲ್ಲಿ ಅದು ರಣಹದ್ದುಗಳ ಧಾಮವಾಯಿತು ಎಂಬುದು ಎಷ್ಟು ಮಕ್ಕಳಿಗೆ ಗೊತ್ತು? ದನಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ನೋವಿನ ಔಷಧ ಸತ್ತ ದನಗಳ ಮಾಂಸದ ಮೂಲಕ ರಣಹದ್ದುಗಳ ಮೂತ್ರಪಿಂಡ ಕೆಡಿಸಿತು, ದೇಶದ ತುಂಬ ಅವುಗಳ ಸಂತತಿ ಕುಸಿಯಿತು, 2006ರಲ್ಲಿ ಪಶುಗಳಿಗೆ ಆ ಔಷಧ ಕೊಡುವುದನ್ನು ಸರ್ಕಾರ ನಿಷೇಧಿಸಿತು. ಮನೆಯಲ್ಲಿ ದನ ಸಾಕಿದ ಮಗುವಿಗೆ ಇದು ತನ್ನ ಹಟ್ಟಿಯ ಸುದ್ದಿ. ಹೆದ್ದಾರಿಯ ಬದಿಯಲ್ಲೇ ಎಚ್.ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕವಿದೆ. ಹಳ್ಳಿಹಳ್ಳಿ ತಿರುಗಿ ಹಾಡು, ಕತೆ, ಪರಿಕರಗಳನ್ನು ಕೂಡಿಟ್ಟವರು ಅವರು. ಇಂದು ಪ್ರತಿ ಮನೆಯಲ್ಲೂ ಧ್ವನಿ ಮುದ್ರಿಸುವ ಮೊಬೈಲಿದೆ. ಮಕ್ಕಳು ಅಜ್ಜಿಯ ಸೋಬಾನೆ ಪದವನ್ನು ಮುದ್ರಿಸಿಕೊಂಡು, ಗ್ರಂಥಾಲಯದಲ್ಲಿ ಕೂತು ಕೇಳಿ ಕೇಳಿ ಅಕ್ಷರಕ್ಕಿಳಿಸಲಿ. ಮೊಬೈಲು ಕಿತ್ತುಕೊಳ್ಳುವ ಬದಲು ಅದಕ್ಕೊಂದು ಘನವಾದ ಕೆಲಸ ಕೊಡೋಣ.

ಕನಕಪುರಕ್ಕೆ ಅರ್ಕಾವತಿ ಇದೆ. ನಂದಿ ಬೆಟ್ಟದಲ್ಲಿ ಹುಟ್ಟಿ, ಹೆಸರಘಟ್ಟ, ತಿಪ್ಪಗೊಂಡನಹಳ್ಳಿ, ಮಂಚನಬೆಲೆ ದಾಟಿ, ರಾಮನಗರ ಕನಕಪುರಗಳ ಮೂಲಕ ಹರಿದು ಸಂಗಮದಲ್ಲಿ ಕಾವೇರಿ ಸೇರುತ್ತದೆ. ದಾರಿಯಲ್ಲಿ ಬೆಂಗಳೂರಿನ ಕೊಳಚೆ ಹೊತ್ತ ವೃಷಭಾವತಿಯೂ ಇದಕ್ಕೆ ಕೂಡುತ್ತದೆ. ಮಾಗಡಿ, ರಾಮನಗರ, ಕನಕಪುರದ ಮಕ್ಕಳು ತಮ್ಮ ತಮ್ಮ ಪಾಲಿನ ನದಿಯ ನಕ್ಷೆ ಬರೆದು, ಹಿರಿಯರಿಂದ ನೀರಿನ ನೆನಪು ಕೇಳಿ ಬರೆದು, ಮೂರೂ ಕಡೆಯದನ್ನು ಜೋಡಿಸಿದರೆ ಇಡೀ ನದಿಯ ಪುಸ್ತಕವಾಗುತ್ತದೆ. ಬೆಟ್ಟದ ತಪ್ಪಲಿನಲ್ಲಿರುವ ಇರುಳಿಗರ ಹಾಡಿಗಳ ಮಕ್ಕಳನ್ನು ಮರೆಯಬೇಡಿ. ಅವರ ಹಿರಿಯರಿಗೆ ಗೊತ್ತಿರುವ ಗಿಡ, ಗೆಡ್ಡೆ, ಜೇನಿನ ವಿಚಾರ ಕಪಾಟಿನ ಯಾವ ಪುಸ್ತಕದಲ್ಲೂ ಸಿಗುವುದಿಲ್ಲ. ಎಸ್. ಕರಿಯಪ್ಪನವರು ಗ್ರಾಮೀಣ ವಿದ್ಯಾಸಂಸ್ಥೆ ಕಟ್ಟಿ ಹಳ್ಳಿ ಮಕ್ಕಳಿಗೆ ಅಕ್ಷರ ತಂದ ನೆಲ ಕನಕಪುರ. ಆ ಕೆಲಸದ ಮುಂದಿನ ಮೆಟ್ಟಿಲು ಈಗ ಗ್ರಂಥಾಲಯದ್ದು.

ಮಾಗಡಿಯಲ್ಲಿ ಕೆಂಪೇಗೌಡರ ಕೋಟೆ, ಸಾವನದುರ್ಗ, ಸೋಮೇಶ್ವರ ದೇವಾಲಯ ಎಲ್ಲವೂ ಇವೆ. ಅವುಗಳಿಗಿಂತ ಹತ್ತಿರದವು ಊರ ಶಾಸನದ ಕಲ್ಲುಗಳು. ಬಿ.ಎಲ್. ರೈಸ್ ಅವರು ಸಂಪಾದಿಸಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಒಂಬತ್ತನೆಯ ಸಂಪುಟ 1905ರಲ್ಲಿ ಬಂತು. ಅಂದಿನ ಬೆಂಗಳೂರು ಜಿಲ್ಲೆಯ ಶಾಸನಗಳು ಅದರಲ್ಲಿವೆ, ಮಾಗಡಿ, ಚನ್ನಪಟ್ಟಣ, ಕನಕಪುರದವೂ ಸೇರಿ. ಅಂತರ್ಜಾಲದಲ್ಲಿ ಪುಕ್ಕಟೆ ಸಿಗುತ್ತದೆ. ನಿಮ್ಮ ಕೇಂದ್ರದ ಕಂಪ್ಯೂಟರಿನಲ್ಲಿ ತೆರೆದು, ನಿಮ್ಮ ಸುತ್ತಲಿನ ಹಳ್ಳಿಗಳ ಹೆಸರಿವೆಯೇ ನೋಡಿ. ಇದ್ದರೆ ಆ ಕಲ್ಲು ಈಗ ಎಲ್ಲಿದೆ ಎಂದು ಮಕ್ಕಳು ಹುಡುಕಲಿ. ಹೊಲದ ಬದುವಿನಲ್ಲಿ ಬಿದ್ದಿದೆಯೋ, ದೇವಸ್ಥಾನದ ಮೆಟ್ಟಿಲಾಗಿದೆಯೋ, ರಸ್ತೆ ಅಗಲ ಮಾಡುವಾಗ ಹೋಯಿತೋ. ಕಲ್ಲುಗಳ ಜೊತೆಗೆ ಮರಗಳ ಕತೆಯೂ ಇದೆ. ಹುಲಿಕಲ್ಲು ಕುದೂರು ರಸ್ತೆಯ ಆಲದ ಮರಗಳನ್ನು ಬೆಳೆಸಿದ ಸಾಲುಮರದ ತಿಮ್ಮಕ್ಕನವರು 2025ರ ನವೆಂಬರ್ 14ರಂದು ತೀರಿಕೊಂಡರು. ಅವರು ನೀರು ಹೊತ್ತದ್ದನ್ನು ಕಣ್ಣಾರೆ ಕಂಡ ಹಿರಿಯರು ಅಲ್ಲಿ ಇನ್ನೂ ಇದ್ದಾರೆ. ಅವರನ್ನು ಮಾತಾಡಿಸಿ ಬರೆದಿಡುವ ಕೆಲಸ ತಡವಾಗಬಾರದು.

ಹೆಣ್ಣುಮಕ್ಕಳ ಬಗ್ಗೆ ಬೇರೆಯಾಗಿಯೇ ಹೇಳಬೇಕು. ಹುಡುಗಿಯೊಬ್ಬಳು ಮನೆಯಿಂದ ಹೊರಗೆ, ಶಾಲೆಯಿಂದಲೂ ಹೊರಗೆ, ದುಡ್ಡು ಖರ್ಚು ಮಾಡದೆ, ಯಾರ ಮನೆಯ ನೆಂಟಳೂ ಆಗದೆ ಎರಡು ಗಂಟೆ ಕೂರಬಹುದಾದ ಜಾಗ ಹಳ್ಳಿಯಲ್ಲಿ ಯಾವುದಿದೆ? ಹುಡುಗರಿಗೆ ಅರಳಿಕಟ್ಟೆ, ಟೀ ಅಂಗಡಿ, ಮೈದಾನ ಇವೆ. ಅವಳಿಗಿರುವುದು ಗ್ರಂಥಾಲಯ ಒಂದೇ. ಅದಕ್ಕೇ ಮಧ್ಯಾಹ್ನ ಎರಡರಿಂದ ನಾಲ್ಕು ಎನ್ನುತ್ತಿದ್ದೇನೆ. ಬೆಳಕಿರುವಾಗಲೇ ಮನೆ ಸೇರಬಹುದು, ಹಾಲು ಕರೆಯುವ ಹೊತ್ತಿಗೂ ಅಡ್ಡಿಯಾಗದು. ಬಾಗಿಲು ತೆರೆದಿರಲಿ. ಆಶಾ ಕಾರ್ಯಕರ್ತೆಯೋ ಶಿಕ್ಷಕಿಯೋ ಸ್ವಸಹಾಯ ಸಂಘದ ಸದಸ್ಯೆಯೋ ಒಬ್ಬ ಹೆಣ್ಣುಮಗಳು ಜೊತೆಗಿರಲಿ. ಶೌಚಾಲಯದ ಬೀಗದ ಕೈ ಗೂಟಕ್ಕೆ ನೇತು ಹಾಕಿರಲಿ, ಕೇಳಿ ಪಡೆಯುವ ಹಾಗಿರಬಾರದು. ಇಷ್ಟು ಮಾಡಿದರೆ ತಾಯಂದಿರು ಕಳಿಸುತ್ತಾರೆ.

ನೀವು ಕೇಳುವ ಪ್ರಶ್ನೆಗಳು ನನಗೂ ಗೊತ್ತು. ಪರೀಕ್ಷೆಗೆ ಓದುವವರಿಗೆ ತೊಂದರೆಯಾಗುವುದಿಲ್ಲವೆ? ಒಂದೇ ಕೋಣೆಯಿದ್ದರೆ ಆಗುತ್ತದೆ. ವಾರಕ್ಕೆ ಎರಡು ಗಂಟೆ ಎಂದು ಮೊದಲೇ ಬೋರ್ಡಿನಲ್ಲಿ ಬರೆದಿಡಿ, ವರಾಂಡದಲ್ಲೋ ಪಕ್ಕದ ಶಾಲೆಯ ಕೋಣೆಯಲ್ಲೋ ಓದುಕೂಟ ನಡೆಸಿ. ನಿಮ್ಮಲ್ಲಿ ಓದುತ್ತಿರುವ ಆ ತರುಣ ತರುಣಿಯರನ್ನೇ ಒಂದು ಪುಟ ಓದಲು ಕರೆಯಿರಿ. ಅವರೂ ಇದೇ ಊರಿನ ಅಕ್ಕ ಅಣ್ಣಂದಿರು. ಹತ್ತನೇ ತರಗತಿಯ ಮಗುವಿಗೆ ಅವರಿಗಿಂತ ಹತ್ತಿರದ ಮಾದರಿ ಇಲ್ಲ. ದುಡ್ಡು ಎಲ್ಲಿಂದ? ಓದಲು ದುಡ್ಡು ಬೇಕಾಗಿಲ್ಲ. ಕಾಗದ, ಬಣ್ಣ, ದಾರಕ್ಕೆ ಬೇಕಾಗುವುದು ಅಲ್ಪ. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಪ್ರಕಾರ ಆಸ್ತಿ ತೆರಿಗೆಯ ಜೊತೆ ನಾವೆಲ್ಲ ಗ್ರಂಥಾಲಯ ಕರ ಕಟ್ಟುತ್ತೇವೆ. ಅದು ಜನ ಓದಿಗೆಂದೇ ಕೊಟ್ಟ ದುಡ್ಡು. ಅದು ಗ್ರಂಥಾಲಯಕ್ಕೆ ಸಂದಾಯವಾಗುವಂತೆ ನೋಡಿಕೊಳ್ಳುವುದು ಸ್ಥಳೀಯ ಸಂಸ್ಥೆಗಳ ಹೊಣೆ, ಕೇಳುವುದು ನಮ್ಮಂಥ ಓದುಗರ ಹೊಣೆ. ನಿಮ್ಮೊಬ್ಬರ ಮೇಲೆ ಅದನ್ನು ಹೇರುವುದಿಲ್ಲ.

ನಾನು ಮೇಷ್ಟರಲ್ಲವಲ್ಲ ಎಂದು ನಿಮ್ಮಲ್ಲಿ ಯಾರಾದರೂ ಹೇಳಬಹುದು. ಅದೇ ನಿಮ್ಮ ಬಲ. ನೀವು ಅಂಕ ಕೊಡುವವರಲ್ಲ, ಫೇಲ್ ಮಾಡುವವರಲ್ಲ. ಭಾರತದ ಗ್ರಂಥಾಲಯ ಚಳವಳಿಗೆ ದಾರಿ ಹಾಕಿದ ಎಸ್.ಆರ್. ರಂಗನಾಥನ್ ಅವರು 1931ರಲ್ಲಿ ಗ್ರಂಥಾಲಯಕ್ಕೆ ಐದು ಸೂತ್ರ ಹೇಳಿದಾಗ ಮೊದಲ ಸೂತ್ರದಲ್ಲೇ ಪುಸ್ತಕ ಇರುವುದು ಬಳಕೆಗೆ ಎಂದರು. ಅದೇ ವರ್ಷ ಅಂದಿನ ತಂಜಾವೂರು ಜಿಲ್ಲೆಯ ಮನ್ನಾರ್‌ಗುಡಿಯಲ್ಲಿ ಎತ್ತಿನ ಗಾಡಿಯ ಮೇಲೆ ಪುಸ್ತಕ ಹೊತ್ತು ಹಳ್ಳಿಗಳಿಗೆ ಹೋಗುವ ಗ್ರಂಥಾಲಯ ಹೊರಟಿತು. ರಂಗನಾಥನ್ ಕೊನೆಗಾಲದಲ್ಲಿ ಬೆಂಗಳೂರಿನಲ್ಲೇ ನೆಲೆಸಿ, 1962ರಲ್ಲಿ ಅಲ್ಲಿ ಗ್ರಂಥಾಲಯ ವಿಜ್ಞಾನದ ಸಂಶೋಧನಾ ಕೇಂದ್ರ ಕಟ್ಟಿದರು. ಓದುಗ ಬರಲಿ ಎಂದು ಕಾಯದೆ ಓದುಗನಿರುವಲ್ಲಿಗೆ ಪುಸ್ತಕ ಒಯ್ಯುವ ಬುದ್ಧಿ ನಮ್ಮ ಗ್ರಂಥಾಲಯಗಳ ಹುಟ್ಟಿನಲ್ಲೇ ಇದೆ.

ಬೇರೆ ಕಡೆ ಆಗಿದೆ ಎಂಬುದಕ್ಕೂ ಸಾಕ್ಷಿ ಉಂಟು. ಪಕ್ಕದ ಕೇರಳದಲ್ಲಿ ಪಿ.ಎನ್. ಪಣಿಕ್ಕರ್ ಕಟ್ಟಿದ ಚಳವಳಿಯಿಂದ ಬೆಳೆದ ಊರ ಗ್ರಂಥಾಲಯಗಳಲ್ಲಿ ಮಕ್ಕಳಿಗೆ ಬಾಲವೇದಿ, ಹೆಣ್ಣುಮಕ್ಕಳಿಗೆ ವನಿತಾ ವೇದಿ ಇವೆ. ಅವರು ತೀರಿಕೊಂಡ ಜೂನ್ 19ನ್ನು ಅಲ್ಲಿ ಓದಿನ ದಿನವೆಂದು ಆಚರಿಸುತ್ತಾರೆ. ಷಿಕಾಗೊ ನಗರದ ಸಾರ್ವಜನಿಕ ಗ್ರಂಥಾಲಯ 2009ರಲ್ಲಿ ಹದಿಹರೆಯದವರಿಗೆಂದೇ ಒಂದು ಜಾಗ ತೆರೆಯಿತು. ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ 2018ರಲ್ಲಿ ಬಾಗಿಲು ತೆರೆದ ಊಡಿ ಗ್ರಂಥಾಲಯದಲ್ಲಿ ಪುಸ್ತಕದ ಜೊತೆ ಹೊಲಿಗೆ ಯಂತ್ರಗಳೂ ಇವೆ. ಅಷ್ಟು ದೂರ ಯಾಕೆ, ಬೆಂಗಳೂರಿನ ಕಬ್ಬನ್ ಉದ್ಯಾನದಲ್ಲಿ 2023ರ ಜನವರಿಯಲ್ಲಿ ಶುರುವಾದ ಕಬ್ಬನ್ ರೀಡ್ಸ್‌ನವರು ಮಾಡಿದ್ದು ಇಷ್ಟೇ: ಶನಿವಾರ ಚಾಪೆ ಹಾಸಿ, ಪುಸ್ತಕ ತಂದು, ಒಟ್ಟಿಗೆ ಕೂತು ಓದಿದರು. ಅದನ್ನು ಕಂಡು ಎಷ್ಟೋ ಊರುಗಳು ಅನುಸರಿಸಿದವು. ಆ ಉದ್ಯಾನದಿಂದ ರಾಮನಗರಕ್ಕೆ ಐವತ್ತು ಕಿಲೋಮೀಟರ್.

2007ರಲ್ಲಿ ಹುಟ್ಟಿದ ನಮ್ಮ ಜಿಲ್ಲೆಗೆ 2025ರಲ್ಲಿ ಬೆಂಗಳೂರು ದಕ್ಷಿಣ ಎಂಬ ಹೆಸರು ಬಂತು. ಬೆಂಗಳೂರು ದಿನದಿನಕ್ಕೆ ಹತ್ತಿರವಾಗುತ್ತಿದೆ, ಹೊಲದ ಬೆಲೆ ಏರುತ್ತಿದೆ, ಬಿಡದಿ ಹಾರೋಹಳ್ಳಿಯ ಕಾರ್ಖಾನೆಗಳ ಪಾಳಿಗೆ ಹದಿನೆಂಟು ತುಂಬಿದೊಡನೆ ಮಕ್ಕಳು ಹೋಗುತ್ತಿದ್ದಾರೆ. ಆ ಪಾಳಿಗೆ ಹೋಗುವ ಮುನ್ನ ಅವರಿಗೆ ತಮ್ಮೂರು ಏನೆಂದು ಗೊತ್ತಿರಬೇಕು, ತಮಗನಿಸಿದ್ದನ್ನು ನಾಲ್ಕು ಜನರೆದುರು ಹೇಳಲು ಬರಬೇಕು, ಕೈಗೆ ಸಿಕ್ಕಿದ ಕಾಗದ ಓದಿ ಸಹಿ ಹಾಕುವ ಮೊದಲು ಪ್ರಶ್ನೆ ಕೇಳುವ ಗಟ್ಟಿತನ ಇರಬೇಕು. ಗಟ್ಟಿಯಾಗಿ ಓದಿದವರಿಗೆ ಗಟ್ಟಿಯಾಗಿ ಕೇಳಲೂ ಬರುತ್ತದೆ.

ಈ ಪತ್ರವನ್ನು ನೀವಲ್ಲದೆ ಬೇರೆಯವರೂ ಓದುತ್ತಾರೆಂದು ಗೊತ್ತಿದೆ. ಮುಖ್ಯೋಪಾಧ್ಯಾಯರೇ, ಶನಿವಾರ ಮಧ್ಯಾಹ್ನ ವಿಶೇಷ ತರಗತಿ ಇಟ್ಟುಕೊಳ್ಳಬೇಡಿ. ಪಿಡಿಒಗಳೇ, ಆ ಎರಡು ಗಂಟೆಯಲ್ಲಿ ನಿಮ್ಮ ಮೇಲ್ವಿಚಾರಕರನ್ನು ಬೇರೆ ಕೆಲಸಕ್ಕೆ ಕರೆಯಬೇಡಿ. ಅಪ್ಪ ಅಮ್ಮಂದಿರೇ, ಒಂದು ಶನಿವಾರ ನೀವೂ ಬಂದು ಬಾಗಿಲ ಬಳಿ ಕೂತು ಕೇಳಿ. ಮಗಳನ್ನು ಕಳಿಸಬೇಕೋ ಬೇಡವೋ ಎಂದು ಆಮೇಲೆ ತೀರ್ಮಾನಿಸಿ. ಮಕ್ಕಳೇ, ವರ್ಷಕ್ಕೊಮ್ಮೆ ನಡೆಯುವ ಮಕ್ಕಳ ಗ್ರಾಮಸಭೆಯಲ್ಲಿ ಎದ್ದು ನಿಂತು ನಿಮ್ಮ ಶನಿವಾರದ ಗಂಟೆಗಳನ್ನು ಕೇಳಿ. ಅದು ನಿಮ್ಮ ಸಭೆ.

ಮೇಲ್ವಿಚಾರಕ ಬಂಧುಗಳೇ, ನವೆಂಬರ್ 14ರಿಂದ 20ರವರೆಗಿನ ರಾಷ್ಟ್ರೀಯ ಗ್ರಂಥಾಲಯ ಸಪ್ತಾಹಕ್ಕೆ ಬ್ಯಾನರು ಕಟ್ಟಿ ಕಾರ್ಯಕ್ರಮ ಮಾಡುತ್ತೀರಿ, ಸಂತೋಷ. ಆದರೆ ಅಲ್ಲಿಯವರೆಗೆ ಕಾಯಬೇಡಿ. ಬರುವ ಶನಿವಾರವೇ ಶುರು ಮಾಡಿ. ನಾಲ್ಕೇ ಮಕ್ಕಳು ಬಂದರೆ ನಾಲ್ವರ ಜೊತೆ ಓದಿ, ಮುಂದಕ್ಕೆ ಹಾಕಬೇಡಿ. ಓದಲು ಇನ್ನೊಂದು ದನಿ ಬೇಕಾದರೆ ಊರಿನ ಓದುಗರನ್ನು ಕೇಳಿ. ನಮ್ಮೂರ ಗ್ರಂಥಾಲಯದಲ್ಲಿ ಕೇಳಿದ ದಿನ ನಾನು ಬರುತ್ತೇನೆ. ಈ ಪತ್ರ ಓದಿದ ಪ್ರತಿಯೊಬ್ಬ ಓದುಗರೂ ತಮ್ಮ ಊರಿನಲ್ಲಿ ಹಾಗೆಯೇ ಹೋಗಬೇಕೆಂದು ಕೈಮುಗಿದು ಕೇಳುತ್ತೇನೆ.

ಇಂತಿ ನಿಮ್ಮವ,
ರಾಮನಗರ ಸೀಮೆಯ ಒಬ್ಬ ಓದುಗ